ಮಡಿಕೇರಿ ಹತ್ತಿರದ ಹಳೆ ಮನೆ, 14 ತಿಂಗಳಾದರೂ ಮಾರಾಟ ಆಗುತ್ತಿಲ್ಲ. ಎಂತ ಮಾಡೋದು?

ಗಾಳಿಮನೆ_84
ಜುಲೈ 5

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮಡಿಕೇರಿ ಪೇಟೆಯಿಂದ 4 ಕಿಲೋಮೀಟರ್ ಆಚೆ, ಪಂಚಾಯ್ತಿ ವ್ಯಾಪ್ತಿಯಲ್ಲಿ ನಮ್ಮದೊಂದು ಮನೆ ಇದೆ. ಅಪ್ಪ 1984ರಲ್ಲಿ ಕಟ್ಟಿಸಿದ್ದು. 12 ಸೆಂಟು ಜಾಗ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ, ಮೂರು ರೂಮು, ಹಿಂದೆ ಸೌದೆ ಕೊಟ್ಟಿಗೆ, ಬಚ್ಚಲಲ್ಲಿ ಹಂಡೆ ಒಲೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಅಮ್ಮ ಈಗ ಮೈಸೂರಲ್ಲಿ ನನ್ನ ಜೊತೆ ಇದ್ದಾರೆ, ತಂಗಿ ಮದುವೆಯಾಗಿ ಮಂಗಳೂರಲ್ಲಿದ್ದಾಳೆ. ಅಲ್ಲಿ ಹೋಗಿ ಇರುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ನಾನು ಹೋಗಿ ಬಾಗಿಲು ತೆಗೆದು, ಗುಡಿಸಿ, ಬೀಗ ಹಾಕಿ ಬರುತ್ತೇನೆ.

ಕಳೆದ ವರ್ಷ ಮೇ ತಿಂಗಳಲ್ಲಿ ಮಾರಾಟಕ್ಕೆ ಇಟ್ಟೆವು. 95 ಲಕ್ಷ ಹೇಳಿದ್ದೇವೆ. ಪಕ್ಕದ ರಸ್ತೆಯ ಮನೆ ಒಂದು ಕೋಟಿಗೆ ಹೋಯಿತಂತೆ, ಆ ಲೆಕ್ಕದಲ್ಲಿ. ಮೂರು ಜನ ಬ್ರೋಕರ್‌ಗೆ ಹೇಳಿದ್ದೇನೆ. ಇಲ್ಲಿವರೆಗೆ 11 ಪಾರ್ಟಿ ಬಂದು ನೋಡಿದ್ದಾರೆ. ಎಲ್ಲರೂ "ಮನೆ ಚೆನ್ನಾಗಿದೆ, ಮನೆಯಲ್ಲಿ ಮಾತಾಡಿ ಹೇಳ್ತೀವಿ" ಅನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಒಬ್ಬರು ಮಾತ್ರ 62 ಲಕ್ಷಕ್ಕೆ ಕೇಳಿದರು, ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಹೋದ ತಿಂಗಳು ಬೆಂಗಳೂರಿಂದ ಒಂದು ಫ್ಯಾಮಿಲಿ ಬಂದಿತ್ತು, ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ಆ ಹೆಂಗಸಿನ ಕಾಲಿಗೆ ಜಿಗಣೆ ಕಚ್ಚಿತು. ಅಷ್ಟೇ. ಬಾವಿ ಸಹ ನೋಡಲಿಲ್ಲ, ಕಾರು ಹತ್ತಿದರು.

ಕಳೆದ ಸೆಪ್ಟೆಂಬರಲ್ಲಿ 1.4 ಲಕ್ಷ ಖರ್ಚು ಮಾಡಿ ಪೂರ್ತಿ ಪೇಂಟ್ ಮಾಡಿಸಿದೆ. ಎರಡೇ ತಿಂಗಳಲ್ಲಿ ಪಡುವಣ ಗೋಡೆಯಲ್ಲಿ ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರಲು ಶುರುವಾಯಿತು. ಈಗ ಒಬ್ಬ ಬ್ರೋಕರ್, ಮಾಡ್ಯುಲರ್ ಕಿಚನ್ ಮತ್ತು ಫಾಲ್ಸ್ ಸೀಲಿಂಗ್ ಮಾಡಿಸಿ, 4 ಲಕ್ಷ ಹಾಕಿದರೆ 10 ಲಕ್ಷ ಜಾಸ್ತಿ ಬರುತ್ತದೆ ಅನ್ನುತ್ತಿದ್ದಾರೆ.

ಮಾಡಿಸಬೇಕಾ? ರೇಟ್ ಇಳಿಸಬೇಕಾ? ಅಥವಾ ಮಳೆ ಮುಗಿಯುವವರೆಗೆ ಸುಮ್ನೆ ಬೀಗ ಹಾಕಿ ಕೂರಬೇಕಾ? ಅನುಭವ ಇದ್ದವರು ಹೇಳಿ.

---

ಸುಂಟಿಕೊಪ್ಪದವ
ಜುಲೈ 5

ಮಾಡ್ಯುಲರ್ ಕಿಚನ್ ಬೇಡವೇ ಬೇಡ ಮಾರಾಯ್ರೆ. ಮುಚ್ಚಿಟ್ಟ ಮನೆಯಲ್ಲಿ ಪ್ಲೈವುಡ್ ಕಪಾಟು ಹಾಕಿದರೆ ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿದು ಬಾಗಿಲು ಉಬ್ಬುತ್ತದೆ. ಫಾಲ್ಸ್ ಸೀಲಿಂಗ್ ಇನ್ನೂ ಕೆಟ್ಟದ್ದು. ಹೆಂಚಿನ ಮನೆ ನೋಡಲು ಬರುವವನು ಮೊದಲು ತಲೆ ಎತ್ತಿ ಮಾಡಿನ ಮರ, ರೀಪು, ಪಕಾಸಿ ನೋಡುತ್ತಾನೆ. ಅದನ್ನು ಮುಚ್ಚಿಟ್ಟರೆ ಒಳಗೆ ಗೆದ್ದಲು ಇದೆ, ಅದಕ್ಕೇ ಮುಚ್ಚಿದ್ದಾರೆ ಅಂದುಕೊಳ್ಳುತ್ತಾನೆ.

ನಿಮ್ಮ ಮನೆಯನ್ನು ನಾನು ನೋಡಿದ್ದೇನೆ ಅನಿಸುತ್ತದೆ. ಒಂದು ವೆಬ್‌ಸೈಟಲ್ಲಿ 90, ಇನ್ನೊಂದರಲ್ಲಿ 95, ಫೇಸ್‌ಬುಕ್ ಗ್ರೂಪಲ್ಲಿ 1.05 ಕೋಟಿ, ಅದೇ ಗೇಟು, ಅದೇ ಫೋಟೋ. ಮೂವರು ಬ್ರೋಕರ್ ಮೂರು ರೇಟು ಹಾಕಿದ್ದಾರೆ, ನಿಮಗೆ ಗೊತ್ತಿದೆಯಾ? ನೋಡಿದವನು ಕಡಿಮೆ ರೇಟಿಂದಲೇ ಚೌಕಾಸಿ ಶುರು ಮಾಡುತ್ತಾನೆ. ಇಲ್ಲದಿದ್ದರೆ ಇದರಲ್ಲಿ ಏನೋ ಗೋಲ್ಮಾಲ್ ಇದೆ ಅಂತ ದಾಟಿಕೊಂಡು ಹೋಗುತ್ತಾನೆ. ಒಬ್ಬರಿಗೇ ಕೊಡಿ, ಮೂರು ತಿಂಗಳು ಟೈಮ್ ಕೊಡಿ, 2 ಪರ್ಸೆಂಟ್ ಕಮಿಷನ್ ಮೊದಲೇ ಮಾತಾಡಿ. ಮಿಕ್ಕ ಇಬ್ಬರ ಹತ್ತಿರ ಜಾಹೀರಾತು ತೆಗೆಸಿ.

ಇನ್ನೊಂದು. "ಒಂದು ಕೋಟಿಗೆ ಹೋಯಿತಂತೆ" ಅನ್ನುವ ಆ "ಅಂತೆ"ಯನ್ನು ನಂಬಬೇಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಆ ಮನೆಯ ಇಸಿ (ಋಣಭಾರ ಪ್ರಮಾಣಪತ್ರ) ಹಾಕಿ. ಕ್ರಯಪತ್ರದಲ್ಲಿ ಎಷ್ಟು ಬರೆದಿದ್ದಾರೆ ಅಂತ ಬರುತ್ತದೆ. ಪೂರ್ತಿ ಮೊತ್ತ ಬರೆಯದವರೂ ಇದ್ದಾರೆ ಬಿಡಿ, ಆದರೂ ಚಹಾ ಅಂಗಡಿ ಮಾತಿಗಿಂತ ವಾಸಿ.

---

ಹಳೇ_ಹೆಂಚು
ಜುಲೈ 6

ನಾನು 22 ವರ್ಷದಿಂದ ಹಳೆ ಮನೆ ರಿಪೇರಿ ಮಾಡಿಸುವ ಕೆಲಸದಲ್ಲಿದ್ದೇನೆ, ಜಾಸ್ತಿ ಮಡಿಕೇರಿ, ಮೂರ್ನಾಡು, ನಾಪೋಕ್ಲು ಕಡೆ. ಪೇಂಟ್ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ.

ಸೆಪ್ಟೆಂಬರಲ್ಲಿ ಮಡಿಕೇರಿಯಲ್ಲಿ ಯಾರಾದರೂ ಪೇಂಟ್ ಹೊಡೆಯುತ್ತಾರಾ? ಜೂನಿಂದ ನೀರು ಕುಡಿದ ಗೋಡೆ ಅದು. ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಒದ್ದೆ ಬಟ್ಟೆ ಇದ್ದ ಹಾಗೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ಅದೇ ಪೇಂಟನ್ನು ತಳ್ಳಿಕೊಂಡು ಬರುತ್ತದೆ. ನಮ್ಮಲ್ಲಿ ಗೋಡೆ ಕೆಲಸ ಅಂದರೆ ಜನವರಿಯಿಂದ ಮಾರ್ಚ್. ಕಾಫಿ ಹೂ ಬಿಡಿಸುವ ಹೂಮಳೆ ಬರುವ ಮೊದಲು ಮುಗಿಸಬೇಕು. ಹಳೆ ಗೋಡೆಗೆ ಸುಣ್ಣವೇ ಒಳ್ಳೆಯದು, ಗೋಡೆ ಉಸಿರಾಡುತ್ತದೆ, ಖರ್ಚೂ ಕಡಿಮೆ.

ಈಗ ಮಳೆ ಹೊಡೆಯುತ್ತಿದೆ ಅಲ್ವಾ, ಇದೇ ಒಳ್ಳೆ ಸಮಯ, ನೀರು ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿಯಿರಿ. ಬೇಸಿಗೆಯಲ್ಲಿ ದೇವರಿಗೂ ಗೊತ್ತಾಗುವುದಿಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಆ ಗೋಡೆಯ ಒಳಮೈಯಲ್ಲಿ ಪೇಂಟ್ ಗಟ್ಟಿಯಾಗಿರುವ ಜಾಗ ನೋಡಿ, ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಎರಡು ಮೂರು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಗೆ ತಾಗಿದ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ರೂಮಿನ ಕಡೆ ಹನಿ ಇದ್ದರೆ ಅದು ಬರೀ ಮುಚ್ಚಿಟ್ಟ ಮನೆಯ ಥಂಡಿ, ಕಿಟಕಿ ತೆಗೆದು ಒಲೆ ಉರಿಸಿದರೆ ಅರ್ಧ ಹೋಗುತ್ತದೆ.

ಗೋಡೆಯೊಳಗಿಂದ ಅಂತ ಆದರೆ ಮೂರು ಕಡೆ ನೋಡಿ. ಮೇಲೆ ಮೂಲೆ ಹೆಂಚಿನ ಗಾರೆ ಬಿರುಕು ಬಿಟ್ಟಿದೆಯಾ. ಮಾಡಿನ ಅಂಚಲ್ಲಿ ಮಳೆನೀರು ಹರಿಯುವ ದಂಬೆಯಲ್ಲಿ ಎಲೆ ಕಟ್ಟಿದೆಯಾ, ಹತ್ತಿರ ಸಿಲ್ವರ್ ಓಕ್ ಇದ್ದರೆ ಕಟ್ಟಿಯೇ ಇರುತ್ತದೆ, ಆ ಎಲೆ ಹುರಿಯ ಹಾಗೆ ಹೆಣೆದುಕೊಳ್ಳುತ್ತದೆ. ಕೆಳಗೆ ಗೋಡೆಗೆ ತಾಗಿ ಹೂವಿನ ಮಡಿ ಇದೆಯಾ. ಈ ಕೊನೆಯದ್ದನ್ನು ಯಾರೂ ನೋಡುವುದಿಲ್ಲ. ವರ್ಷ ವರ್ಷ ಗೊಬ್ಬರ ಮಣ್ಣು ಹಾಕಿ ಹಾಕಿ ಅಂಗಳದ ಮಣ್ಣು ಪಾಯಕ್ಕಿಂತ ಮೇಲೆ ಬಂದಿರುತ್ತದೆ, ಗೋಡೆ ಅದರಿಂದ ನೀರು ಹೀರುತ್ತದೆ. ಮಣ್ಣು ತೆಗೆದು ಒಂದು ಸಣ್ಣ ಚರಂಡಿ ಬಿಡಿಸಿದರೆ ಆಯಿತು, ಇಬ್ಬರು ಆಳು, ಎರಡು ದಿನದ ಕೆಲಸ.

ಪಡುವಣ ಗೋಡೆಗೆ ಮಳೆಗಾಲದಲ್ಲಿ ಶೀಟು ಹೊಡೆಯುವುದರಲ್ಲಿ ನಾಚಿಕೆ ಏನೂ ಇಲ್ಲ. ಅಪ್ಪ ಇದ್ದಾಗ ಹೊಡೆಸುತ್ತಿದ್ದರು ತಾನೇ? ನೀವು ಮನೆ "ನೀಟಾಗಿ" ಕಾಣಲಿ ಅಂತ ತೆಗೆಸಿರುತ್ತೀರಿ.

ಮತ್ತೆ ಒಲೆ. ತಿಂಗಳಿಗೊಮ್ಮೆ ಹೋಗಿ ಗುಡಿಸಿ ಬಂದರೆ ಸಾಲದು. ಅಕ್ಕಪಕ್ಕದ ಯಾರಿಗಾದರೂ ತಿಂಗಳಿಗೆ ಇಷ್ಟು ಅಂತ ಕೊಟ್ಟು ವಾರಕ್ಕೆ ಎರಡು ಸಲ ಹಂಡೆ ಒಲೆ ಉರಿಸಲು, ಕಪಾಟಿನ ಬಾಗಿಲೆಲ್ಲ ತೆಗೆದಿಡಲು ಹೇಳಿ. ನುಸಿಗುಳಿಗೆ, ಊದುಬತ್ತಿ ಇಟ್ಟು ವಾಸನೆ ಮುಚ್ಚಬೇಡಿ. ಬಾಗಿಲು ತೆಗೆದ ಕೂಡಲೇ ಊದುಬತ್ತಿ ವಾಸನೆ ಬಂದರೆ ನಾನು ಮೊದಲು ಹೋಗುವುದೇ ಬೀರುವಿನ ಹಿಂದಿನ ಗೋಡೆ ಮುಟ್ಟಿ ನೋಡಲು.

---

ಗಾಳಿಮನೆ_84
ಜುಲೈ 6

ಹಳೇ ಹೆಂಚು ಅಣ್ಣಾ, ನೀವು ನಮ್ಮ ಮನೆಗೇ ಹೋಗಿ ಬಂದು ಬರೆದ ಹಾಗಿದೆ. ಶೀಟು ತೆಗೆಸಿದ್ದು ನಾನೇ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ. ಹೂವಿನ ಮಡಿ ಅಮ್ಮನದ್ದು, ಡೇಲಿಯಾ ಹಾಕಿದ್ದರು, ಅದು ಸರಿಯಾಗಿ ಆ ಗೋಡೆಯ ಬುಡದಲ್ಲೇ ಇದೆ. ಈ ಶನಿವಾರ ಹೋಗಿ ಪ್ಲಾಸ್ಟಿಕ್ ಅಂಟಿಸುತ್ತೇನೆ.

ಕಾಗದ ಪತ್ರ ಎಲ್ಲ ಕ್ಲಿಯರ್ ಇದೆ, ಆ ಚಿಂತೆ ಇಲ್ಲ. ಖಾತೆ ಮಾತ್ರ ಇನ್ನೂ ಅಪ್ಪನ ಹೆಸರಲ್ಲಿದೆ, ಮಾರುವಾಗ ಹೇಗೂ ಬದಲಾಗುತ್ತದೆ ಅಂತ ಬಿಟ್ಟಿದ್ದೇವೆ.

---

ಪೊನ್ನಂಪೇಟೆ_ಅಕ್ಕ
ಜುಲೈ 7

ತಮ್ಮಾ, ನಿಲ್ಲು. ಖಾತೆ ಅಪ್ಪನ ಹೆಸರಲ್ಲಿದೆ ಅಂತ ಕೊನೆಯ ಸಾಲಲ್ಲಿ ಹೇಳುತ್ತೀಯಲ್ಲ? 11 ಜನರೂ ಫೋನ್ ಎತ್ತದ್ದು ಬರೀ ಜಿಗಣೆಗೆ ಹೆದರಿ ಅಂದುಕೊಂಡೆಯಾ?

ನಾನು ಬ್ಯಾಂಕಲ್ಲಿ ಇದ್ದವಳು, ಹೋಮ್ ಲೋನ್ ಟೇಬಲಲ್ಲೇ ಎಷ್ಟೋ ವರ್ಷ ಕೂತಿದ್ದೆ. 60, 70 ಲಕ್ಷ ಪೂರ್ತಿ ಕೈಯಲ್ಲಿಟ್ಟುಕೊಂಡು ಬರುವವರು ಕಡಿಮೆ, ಜಾಸ್ತಿ ಜನ ಸಾಲ ಮಾಡುತ್ತಾರೆ. ತೀರಿಹೋದವರ ಹೆಸರಲ್ಲಿ ಖಾತೆ ಇದ್ದರೆ ಲಾಯರ್ ಒಪೀನಿಯನ್ ಅಲ್ಲಿಗೇ ನಿಲ್ಲುತ್ತದೆ. ನೋಡಲು ಬಂದವರು ನಿನ್ನ ಹತ್ತಿರ ಹೇಳುವುದಿಲ್ಲ, ಪಂಚಾಯ್ತಿಯಲ್ಲಿ ವಿಚಾರಿಸಿ ಸುಮ್ಮನಾಗುತ್ತಾರೆ.

ಮೊದಲು ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕು. ವಿಲ್ ಇಲ್ಲ ಅಂದರೆ ಅಮ್ಮ, ನೀನು, ತಂಗಿ, ಮೂವರಿಗೂ ಸಮ ಪಾಲು. ಮದುವೆಯಾಗಿ ಮಂಗಳೂರಿಗೆ ಹೋಗಿದ್ದಾಳೆ ಅಂತ ಅವಳ ಪಾಲು ಹೋಗುವುದಿಲ್ಲ. ಅವಳ ಹತ್ತಿರ ಈಗಲೇ ಬಾಯಿ ಬಿಟ್ಟು ಮಾತಾಡು, ಎಷ್ಟಕ್ಕೆ ಕೊಡುವುದು, ಯಾರಿಗೆ ಎಷ್ಟು, ಎಲ್ಲ. ಅಡ್ವಾನ್ಸ್ ತೆಗೆದುಕೊಂಡ ಮೇಲೆ "ನನಗೆ ಗೊತ್ತೇ ಇರಲಿಲ್ಲ" ಅಂತ ಅವಳು ಅಂದರೆ ವ್ಯವಹಾರವೂ ಹೋಯಿತು, ಸಂಬಂಧವೂ ಹೋಯಿತು. ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಬರುತ್ತದಾ ನೋಡು. ಅಪ್ಪ ಮನೆ ಕಟ್ಟುವಾಗ ಜಾಗ ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಜಾಗಕ್ಕೆ ಬದಲಿಸುವುದು) ಮಾಡಿಸಿದ್ದರಾ? ಆ ಆದೇಶದ ಪ್ರತಿ ಟ್ರಂಕಲ್ಲಿ ಎಲ್ಲಾದರೂ ಇರಬೇಕು, ಹುಡುಕು. ಆಗಿಲ್ಲ ಅಂದರೆ 11ಬಿ ಕೈಗೆ ಬರುತ್ತದೆ, ಅದನ್ನು ನೋಡಿದ ಕೂಡಲೇ ಎಷ್ಟೋ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಇನ್ನೊಂದು, ನಮ್ಮ ಕೊಡಗಿನದ್ದೇ ತಲೆನೋವು. ಪಹಣಿಯಲ್ಲಿ ಜಮ್ಮಾ ಬಾಣೆ (ಒಕ್ಕ, ಅಂದರೆ ಇಡೀ ಮನೆತನಕ್ಕೆ ಸೇರಿದ ಹಳೆ ಹಿಡುವಳಿ) ಅಂತ ಇದೆಯಾ, ಮಾಮೂಲಿ ಸಾಗು ಅಂತ ಇದೆಯಾ? ಜಮ್ಮಾ ಅಂತ ಇದ್ದರೆ ಒಕ್ಕದವರ ಹೆಸರೆಲ್ಲ ಅದರಲ್ಲಿರಬಹುದು, ಆಗ ಈ ಮೂವರ ಸಹಿ ಸಾಲುವುದಿಲ್ಲ. ಹೊರಗಿನವರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಬೆಂಗಳೂರಿನ ಲಾಯರ್‌ಗಂತೂ ಜಮ್ಮಾ ಅಂದ ಕೂಡಲೇ ತಲೆ ತಿರುಗುತ್ತದೆ. ಇಲ್ಲಿಯ ಲಾಯರ್ ಹತ್ತಿರ ನೀನೇ ಒಂದು ಒಪೀನಿಯನ್ ಮಾಡಿಸಿ ಫೈಲಲ್ಲಿ ಇಟ್ಟುಬಿಡು. ಬಂದವರ ಕೈಗೆ ಫೈಲ್ ಕೊಡುವ ಮನೆ ಬೇರೆ, "ಎಲ್ಲ ಕ್ಲಿಯರ್ ಇದೆ ಸಾರ್" ಅನ್ನುವ ಮನೆ ಬೇರೆ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. 45 ಲಕ್ಷ ದಾಟಿದ್ದಕ್ಕೆ ಮುದ್ರಾಂಕ 5 ಪರ್ಸೆಂಟ್, ಅದರ ಮೇಲೆ ಸೆಸ್. 70 ಲಕ್ಷದ ಮನೆಗೆ ಕೊಳ್ಳುವವನ ಕೈಯಿಂದ 5 ಲಕ್ಷದ ಮೇಲೆ ಇದಕ್ಕೇ ಹೋಗುತ್ತದೆ, ಅವನು ಚೌಕಾಸಿ ಮಾಡುವಾಗ ಇದನ್ನು ನೆನಪಿಟ್ಟುಕೋ. 50 ಲಕ್ಷ ಅಥವಾ ಜಾಸ್ತಿ ಆದರೆ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕೊಡುತ್ತಾನೆ. ಅಡ್ವಾನ್ಸ್ 20,000 ಅಥವಾ ಜಾಸ್ತಿ ನಗದಲ್ಲಿ ಮುಟ್ಟಬೇಡ, ಅಷ್ಟೇ ಮೊತ್ತ ದಂಡ ಬೀಳಬಹುದು. ಲಾಭದ ಮೇಲಿನ ತೆರಿಗೆ, 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿ ಆದ್ದರಿಂದ 12.5 ಪರ್ಸೆಂಟ್ ಅಥವಾ ಇಂಡೆಕ್ಸೇಷನ್ (ಹಣದುಬ್ಬರದ ಲೆಕ್ಕ) ಹಾಕಿ 20 ಪರ್ಸೆಂಟ್, ಯಾವುದು ಕಡಿಮೆಯೋ ಅದು. ಆಡಿಟರ್ ಹತ್ತಿರ ಮಾರುವ ಮೊದಲು ಹೋಗು, ಮಾರಿದ ಮೇಲೆ ಅಲ್ಲ.

---

ವಾಸ್ತು_ವಿಚಾರ
ಜುಲೈ 7

ಮುಂಬಾಗಿಲು ಯಾವ ದಿಕ್ಕಿಗಿದೆ? ನೈಋತ್ಯಕ್ಕಿದ್ದರೆ ಹೋಗುವುದೇ ಇಲ್ಲ. ಒಡೆದು ಬದಲಿಸಿ.

---

ಸುಂಟಿಕೊಪ್ಪದವ
ಜುಲೈ 7

ದಯವಿಟ್ಟು ಬಾಗಿಲು ಒಡೆಯಬೇಡಿ. ವಾಸ್ತು ನೋಡುವವನಿಗೆ ಬಾಗಿಲು ಸರಿ ಮಾಡಿದರೆ ಬಾವಿ ತಪ್ಪು, ಬಾವಿ ಸರಿ ಮಾಡಿದರೆ ಗುಡ್ಡ ತಪ್ಪು. ಗುಡ್ಡ ಯಾರು ಸರಿಸುತ್ತಾರೆ?

---

ಬೆಂಗಳೂರಿಂದ_ಬಂದವ
ಜುಲೈ 9

ನಾನು ಕೊಂಡವನು. ಹಾಗಾಗಿ ಆಚೆ ಕಡೆಯಿಂದ ಹೇಳುತ್ತೇನೆ. ಎರಡು ವರ್ಷ ಹುಡುಕಿ, 17 ಮನೆ ನೋಡಿ, ಕೊನೆಗೆ ಮಡಿಕೇರಿ ಹತ್ತಿರವೇ ಒಂದು ಹೆಂಚಿನ ಮನೆ ತೆಗೆದುಕೊಂಡೆ.

ನಮ್ಮಂಥವರ ತಲೆಯಲ್ಲಿ ಮೊದಲು ಇರುವುದು ಕಿಚನ್ ಅಲ್ಲ, 2018ರ ಗುಡ್ಡ ಕುಸಿತ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಆ ವಿಡಿಯೋಗಳನ್ನು ಎಲ್ಲರೂ ನೋಡಿದ್ದೇವೆ. ಮರುವರ್ಷ ತೋರ ಗ್ರಾಮದಲ್ಲಿ ಆಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆಯಿತು. ಮನೆಯಲ್ಲಿ ಹೆಂಡತಿ, ಅತ್ತೆ, ಮಾವ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಅಲ್ಲಿ ಗುಡ್ಡ ಜಾರುವುದಿಲ್ಲ ತಾನೇ?" ನಾನು 16 ಕಡೆ ಈ ಪ್ರಶ್ನೆ ಕೇಳಿದೆ. 16 ಕಡೆಯೂ ನಕ್ಕು "ನಮ್ಮ ಕಡೆ ಅಂಥದ್ದೇನೂ ಇಲ್ಲ ಸಾರ್" ಅಂದರು. ಒಂದು ಮನೆಯ ಹಿಂದೆ ಜೆಸಿಬಿಯಲ್ಲಿ ನೇರ ಕಡಿದ ಗುಡ್ಡದ ಬರೆ, ಮೇಲೆ ಟಾರ್ಪಲ್ ಹೊದಿಸಿದ್ದರು. ಅಲ್ಲೂ ಅದೇ ನಗು.

17ನೇ ಮನೆಯವರು ವಯಸ್ಸಾದ ಮೇಷ್ಟ್ರು. ನಾನು ಡಿಸೆಂಬರಲ್ಲಿ ನೋಡಿ ಇಷ್ಟಪಟ್ಟು ಅಡ್ವಾನ್ಸ್ ಕೊಡುತ್ತೇನೆ ಅಂದರೆ, "ಈಗ ಬೇಡ, ಜುಲೈಯಲ್ಲಿ ಬಂದು ಎರಡು ರಾತ್ರಿ ಇಲ್ಲೇ ಮಲಗಿ, ಆಮೇಲೆ ಕೊಡಿ" ಅಂದರು. ಹೋದೆವು. ಎರಡು ದಿನ ಬಿಡದೆ ಹೊಡೆಯಿತು, ಕರೆಂಟ್ ಒಂದು ಇಡೀ ದಿನ ಇರಲಿಲ್ಲ. ಮೇಷ್ಟ್ರು ಕೊಡೆ ಹಿಡಿದು ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಕಲ್ಲಿನ ತಡೆಗೋಡೆ, ಅದರಲ್ಲಿ ಸಾಲಾಗಿ ಪೈಪುಗಳು, ಪ್ರತಿ ಪೈಪಿಂದಲೂ ನೀರು ಸುರಿಯುತ್ತಿತ್ತು. "ಈ ನೀರು ಹೊರಗೆ ಬರುತ್ತಿರುವವರೆಗೆ ನಿಮಗೆ ನಿದ್ದೆ, ಪೈಪು ಒಣಗಿದರೆ ಅಥವಾ ಕೆಸರು ಬಂದರೆ ನನಗೆ ಫೋನ್ ಮಾಡಿ" ಅಂದರು. ಒಂದು ಪೈಪಿಗೆ ಎಲೆ ಸಿಕ್ಕಿತ್ತು, ಮಾತಾಡುತ್ತಲೇ ಕಡ್ಡಿಯಿಂದ ಚುಚ್ಚಿ ತೆಗೆದರು. ನಾನು ಮನೆ ಕೊಂಡದ್ದು ಆ ಕಡ್ಡಿ ನೋಡಿ. ರೇಟಲ್ಲಿ 2 ಲಕ್ಷ ಇಳಿಸಿ ಅಂತ ಕೇಳಬೇಕು ಅಂದುಕೊಂಡಿದ್ದೆ, ಕೇಳಲೇ ಇಲ್ಲ.

ನಿಮ್ಮ ಮನೆಯ ಹಿಂದೆ ಬರೆ ಇದೆಯಾ, ತಡೆಗೋಡೆ ಇದೆಯಾ, 2018ರಲ್ಲಿ ಅಲ್ಲಿ ಎಂತ ಆಯಿತು, ಇದನ್ನು ಕೇಳುವ ಮೊದಲೇ ಹೇಳಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ನೋಡಿಸಿ ಒಂದು ಪುಟ ಬರೆಸಿಕೊಳ್ಳಿ. 4 ಲಕ್ಷದ ಕಿಚನ್‌ಗಿಂತ ಆ ಒಂದು ಪುಟ ನನ್ನಂಥವನಿಗೆ ಬೇಕು.

ಜಾಹೀರಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. "ಪ್ರಕೃತಿಯ ಮಡಿಲಲ್ಲಿ ಸುಂದರ ಮನೆ, ಹೋಮ್‌ಸ್ಟೇಗೆ ಹೇಳಿ ಮಾಡಿಸಿದ್ದು, ಬೇಗ ಸಂಪರ್ಕಿಸಿ" ಅಂತ ಬರೆದದ್ದನ್ನು ನಾವು ಓದುವುದೇ ಇಲ್ಲ, ಎಲ್ಲದಕ್ಕೂ ಅದೇ ಬರೆದಿರುತ್ತದೆ. ಹೀಗೆ ಬರೆದಿದ್ದರೆ ನಾನು ಆ ದಿನವೇ ಫೋನ್ ಮಾಡುತ್ತಿದ್ದೆ: "ಮಡಿಕೇರಿಯಿಂದ 4 ಕಿ.ಮೀ., 12 ಸೆಂಟು, 1984ರ ಹೆಂಚಿನ ಮನೆ, ಮೂರು ರೂಮು. ಕಾರು ಅಂಗಳದವರೆಗೆ ಬರುತ್ತದೆ. ಬಾವಿಯಲ್ಲಿ ಏಪ್ರಿಲಲ್ಲೂ ನೀರಿದೆ. ಪಡುವಣ ಗೋಡೆಗೆ ಮಳೆಗಾಲದಲ್ಲಿ ಶೀಟು ಹೊಡೆಯಬೇಕು. ನಮೂನೆ 9, 11ಎ ಸಿದ್ಧ. ಮಳೆಯಲ್ಲೂ ಬಂದು ನೋಡಬಹುದು." ಬಾವಿ ವಿಷಯ ನಾನು ಊಹಿಸಿ ಬರೆದೆ, ನಿಜ ಆಗಿದ್ದರೆ ಮಾತ್ರ ಹಾಕಿ. ಕೆಟ್ಟದ್ದನ್ನೂ ಬರೆದವನ ಒಳ್ಳೆಯದ್ದನ್ನು ನಂಬಬೇಕು ಅನಿಸುತ್ತದೆ. ಅಳತೆ ಇರುವ ನಕ್ಷೆ ಒಂದು ಹಾಕಿ, ಕೈಯಲ್ಲಿ ಬರೆದದ್ದಾದರೂ ಸಾಕು.

---

ಕಾಫಿ_ಹೂ
ಜುಲೈ 10

ಮೇಷ್ಟ್ರ ಕತೆ ಚೆನ್ನಾಗಿದೆ, ಆದರೆ ಎಲ್ಲರೂ ಮೇಷ್ಟ್ರಲ್ಲ, ಎಲ್ಲ ಗೋಡೆಯೂ ಆ ಗೋಡೆಯಲ್ಲ. ಸೋರುವ ಮನೆಯನ್ನು ಜುಲೈಯಲ್ಲಿ ತೋರಿಸಿದರೆ ಬಂದವನು ಹೆದರಿ ಓಡುತ್ತಾನೆ, ಜಿಗಣೆ ಬೇರೆ. ನಾನು ಹೇಳುವುದು, ಈಗ ಜಾಹೀರಾತು ಪೂರ್ತಿ ತೆಗೆಯಿರಿ. 14 ತಿಂಗಳಿಂದ ಅದೇ ಫೋಟೋ ನೋಡಿ ನೋಡಿ ಜನಕ್ಕೆ ಹಳಸಿದೆ. ಗೋಡೆ, ಖಾತೆ ಎರಡೂ ಸರಿ ಮಾಡಿಕೊಂಡು ಹುತ್ತರಿ ಹಬ್ಬ ಆದ ಮೇಲೆ ಹೊಸ ಫೋಟೋ ಹಾಕಿ ಶುರು ಮಾಡಿ. ಡಿಸೆಂಬರಿಂದ ಮಾರ್ಚ್ ಹೊರಗಿನವರು ಬರುವ ಕಾಲ. ಕಾಫಿ ಹೂ ಬಿಟ್ಟ ವಾರ ಸಿಕ್ಕಿದರೆ ನೀವು ಬಾಯಿ ತೆಗೆಯುವುದೇ ಬೇಡ.

ಫೋಟೋ ಬೆಳಿಗ್ಗೆ ಮಂಜು ಕರಗಿದ ಮೇಲೆ, ಒಂಬತ್ತು ಒಂಬತ್ತೂವರೆಗೆ ತೆಗೆಯಿರಿ. ಮೊದಲ ಫೋಟೋ ಗೇಟು ಬೇಡ, ಜಗಲಿ ಇರಲಿ, ಎರಡು ಬೆತ್ತದ ಕುರ್ಚಿ ಹಾಕಿ. ಅಪ್ಪನ ಹಾರ ಹಾಕಿದ ಫೋಟೋ ನಡುಮನೆಯಲ್ಲಿ ಇದ್ದರೆ ಮೈಸೂರಿಗೆ ತೆಗೆದುಕೊಂಡು ಹೋಗಿ ಅಮ್ಮನ ಹತ್ತಿರ ಇಡಿ. ತಪ್ಪು ತಿಳಿಯಬೇಡಿ. ಬಂದವರು ಅದರ ಎದುರು ನಿಂತು ರೇಟ್ ಮಾತಾಡಲು ಮುಜುಗರಪಡುತ್ತಾರೆ, ನಿಮಗೂ ಒಂಥರಾ ಆಗುತ್ತದೆ.

ಹೊರಗಿನವರನ್ನೇ ಕಾಯಬೇಡಿ. ಮಿಲಿಟರಿಯಿಂದ ರಿಟೈರ್ ಆಗಿ ಊರಿಗೆ ಬರುವವರು, ಮಕ್ಕಳ ಸ್ಕೂಲಿಗೆ ಅಂತ ತೋಟ ಬಿಟ್ಟು ಪೇಟೆ ಹತ್ತಿರ ಬರುವವರು ಇದ್ದಾರೆ. ಅವರು ವೆಬ್‌ಸೈಟ್ ನೋಡುವುದಿಲ್ಲ. 'ಶಕ್ತಿ' ಪೇಪರಲ್ಲಿ ಎರಡು ಸಾಲು ಹಾಕಿ, ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ ನಾಲ್ಕು ಜನಕ್ಕೆ ಹೇಳಿ. ಅವರಿಗೆ ಮಳೆ, ಜಿಗಣೆ ಏನೂ ಹೊಸದಲ್ಲ.

---

ಹಳೇ_ಹೆಂಚು
ಜುಲೈ 10

ಇಬ್ಬರೂ ಹೇಳಿದ್ದು ಸರಿ. ಈ ಮಳೆಯಲ್ಲಿ ಕಂಡುಹಿಡಿದು, ಬೇಸಿಗೆಯಲ್ಲಿ ಸರಿ ಮಾಡಿ. ಡಿಸೆಂಬರಲ್ಲಿ ಬಂದವರಿಗೆ ಈಗಿನ ವಿಡಿಯೋ ತೋರಿಸಿ, ಜೋರು ಮಳೆಯಲ್ಲಿ ಹಿಂದಿನ ಚರಂಡಿ ಹರಿಯುವುದು, ಅಟ್ಟ ಒಣಗಿರುವುದು. ಅಟ್ಟ ಒಣಗಿದ್ದರೆ ಮಾತ್ರ ತೆಗೆಯಿರಿ ಮತ್ತೆ.

ಜಿಗಣೆಗೆ ಅಂಗಳದ ಹುಲ್ಲು ಕಡಿಸಿ, ಗೇಟಿಂದ ಬಾಗಿಲವರೆಗೆ ಒಂದು ಲೋಡು ಜಲ್ಲಿ ಹಾಕಿಸಿ. ಅಷ್ಟು ಸಾಕು.

---

ಗಾಳಿಮನೆ_84
ಜುಲೈ 21

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಶನಿವಾರ ಹೋಗಿ ಪ್ಲಾಸ್ಟಿಕ್ ಅಂಟಿಸಿ ಮೂರು ರಾತ್ರಿ ಅಲ್ಲೇ ಉಳಿದೆ. ಅಪ್ಪ ಹೋದ ಮೇಲೆ ಅಲ್ಲಿ ಮಲಗಿದ್ದು ಅದೇ ಮೊದಲು. ಮಂಗಳವಾರ ಬೆಳಿಗ್ಗೆ ಹಾಳೆ ಕಿತ್ತರೆ ಹಿಂದೆ ಗೋಡೆ ಕಡೆ ನೀರು, ಬೆರಳಲ್ಲಿ ಗೆರೆ ಎಳೆದರೆ ಕೆಳಗೆ ಇಳಿಯಿತು. ಮೇಲೆ ಹತ್ತಿ ನೋಡಿದಾಗ ದಂಬೆಯ ಆ ತುದಿ ಪೂರ್ತಿ ಸಿಲ್ವರ್ ಓಕ್ ಎಲೆ, ನೀರೆಲ್ಲ ಹಿಂದಕ್ಕೆ ತಿರುಗಿ ಗೋಡೆ ತಲೆಗೆ ಬೀಳುತ್ತಿತ್ತು. ಎರಡು ಬಕೆಟ್ ಎಲೆ ತೆಗೆದೆ. ಡೇಲಿಯಾ ಮಡಿ ಅಗೆದಾಗ ಒಂದೂಕಾಲು ಅಡಿ ಮಣ್ಣಿನ ಕೆಳಗೆ ಪಾಯದ ಕಲ್ಲು ಸಿಕ್ಕಿತು. ಗಡ್ಡೆಗಳನ್ನು ಪೇಪರಲ್ಲಿ ಸುತ್ತಿ ಅಮ್ಮನಿಗೆ ತಂದುಕೊಟ್ಟೆ, ಈಗ ಮೈಸೂರು ಬಾಲ್ಕನಿಯಲ್ಲಿ ಕುಂಡದಲ್ಲಿವೆ.

ಪಕ್ಕದ ರಸ್ತೆಯ ಮನೆಯ ಇಸಿ ಹಾಕಿದೆ. 71 ಲಕ್ಷ. ಜಾಗ 20 ಸೆಂಟು. ಸುಂಟಿಕೊಪ್ಪದವರೇ, ಏನೂ ಹೇಳಬೇಡಿ, ನಾನೇ ನಗುತ್ತಿದ್ದೇನೆ. 62ಕ್ಕೆ ಕೇಳಿದವರ ನಂಬರ್ ಹುಡುಕಿ ಫೋನ್ ಮಾಡಿದೆ, ಅವರು ಆಗಲೇ ಕುಶಾಲನಗರದಲ್ಲಿ ಮನೆ ತೆಗೆದುಕೊಂಡಿದ್ದಾರಂತೆ.

ತಂಗಿಯ ಹತ್ತಿರ ಮಾತಾಡಿದೆ. ಅವಳಿಗೆ ಬೇಸರ ಇದ್ದದ್ದು ದುಡ್ಡಿನದ್ದಲ್ಲ, ಮಾರುವ ವಿಷಯ ಜಾಹೀರಾತು ನೋಡಿ ಗೊತ್ತಾಯಿತು ಅನ್ನುವುದು. ಬೈಸಿಕೊಂಡೆ. ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದೇವೆ, ಪೌತಿ ಖಾತೆ ಅದರ ಹಿಂದೆ. ಕನ್ವರ್ಷನ್ ಆದೇಶ ಟ್ರಂಕಲ್ಲಿ ಇರಲಿಲ್ಲ, ಅಪ್ಪನ ಎಲ್‌ಐಸಿ ಫೈಲಲ್ಲಿ ಸಿಕ್ಕಿತು. ಪಹಣಿಯನ್ನು ಮಡಿಕೇರಿಯ ಲಾಯರ್ ನೋಡಿದರು, ಜಮ್ಮಾ ಅಲ್ಲವಂತೆ, ಬಚಾವ್. ಜಾಹೀರಾತು ಮೂರೂ ತೆಗೆಸಿದ್ದೇನೆ. ಒಬ್ಬ ಬ್ರೋಕರ್‌ಗೆ ಸಿಟ್ಟು ಬಂದಿದೆ, ಬರಲಿ.

ಹಿಂದೆ ಬರೆ ಇದೆ, ಆರಡಿ ಎತ್ತರ, ಅಪ್ಪ ಕಟ್ಟಿಸಿದ ಕಲ್ಲಿನ ಗೋಡೆ ಇದೆ. 2018ರಲ್ಲಿ ಏನೂ ಆಗಲಿಲ್ಲ. ಗೋಡೆಯಲ್ಲಿ ಏಳು ಪೈಪು ಎಣಿಸಿದೆ, ನಾಲ್ಕರಲ್ಲಿ ನೀರು ಬರುತ್ತಿತ್ತು, ಮೂರು ಕಟ್ಟಿದ್ದವು. ಕಡ್ಡಿ ತೆಗೆದುಕೊಂಡು ಎರಡನ್ನು ಬಿಡಿಸಿದೆ. ಒಂದು ಬರುತ್ತಿಲ್ಲ, ಒಳಗೆ ಬೇರು ಹೋಗಿದೆ ಅನಿಸುತ್ತದೆ. ಹಳೇ ಹೆಂಚು ಅಣ್ಣಾ, ಅದಕ್ಕೆ ಎಂತ ಮಾಡೋದು? ಸರಳು ಹಾಕಿ ಚುಚ್ಚಬಹುದಾ, ಅಥವಾ ಗೋಡೆ ಅಲ್ಲಾಡುತ್ತದಾ?